ದಿವಾಡಿಯ ಫೆರಿ ಬೋಟು

ಪ್ರವೇಶ: ನಾವು ಊರಿಂದ ಊರಿಗೆ ಬಸ್ಸಿನಲ್ಲೋ ರೈಲಿನಲ್ಲೋ ಹೋಗುತ್ತೇವೆ. ಆದರೆ ನಮ್ಮ ಊರಿನ ಸುತ್ತಲೂ ನೀರೇ ಇದ್ದರೆ? ಶಾಲೆಗೆ, ಸಂತೆಗೆ, ಆಸ್ಪತ್ರೆಗೆ ಹೋಗುವುದು ಹೇಗೆ? ಗೋವಾದ ಮಾಂಡವಿ ನದಿಯಲ್ಲಿ ಇಂಥ ನಡುಗಡ್ಡೆಗಳಿವೆ. ಅಂಥ ಒಂದು ನಡುಗಡ್ಡೆಗೆ ಮಕ್ಕಳೊಂದಿಗೆ ಹೋಗಿ ಬಂದ ಶಿಕ್ಷಕರೊಬ್ಬರು ಈ ಪಾಠವನ್ನು ಬರೆದಿದ್ದಾರೆ.

ಡಿಸೆಂಬರ್ ತಿಂಗಳ ಒಂದು ಶನಿವಾರ. ಬೆಳಗಿನ ತಂಪು ಇನ್ನೂ ಇತ್ತು. ಆರನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ನಾನು ವಾಸ್ಕೋದಿಂದ ಹೊರಟೆ. ನಾವು ಹತ್ತಿದ್ದು ಕದಂಬ ಬಸ್ಸು. ಮಕ್ಕಳ ಚೀಲಗಳಲ್ಲಿ ರೊಟ್ಟಿ, ಚಪಾತಿ, ಶೇಂಗಾ ಚಟ್ನಿ ಇದ್ದವು. ಬಸ್ಸು ಹೊರಡುವ ಮೊದಲೇ ಒಂದಿಬ್ಬರು ಡಬ್ಬಿ ತೆರೆದು ನೋಡಿದ್ದೂ ಆಗಿತ್ತು.

ಕುಠ್ಠಾಳಿ ದಾಟಿ ಬಸ್ಸು ಜುವಾರಿ ನದಿಯ ಹೊಸ ಸೇತುವೆಯ ಮೇಲೆ ಬಂತು. ಆಗ ಕಿಟಕಿಯ ಬಳಿ ಕುಳಿತಿದ್ದ ಒಬ್ಬ ಹುಡುಗಿ ಎದ್ದು ನಿಂತು, “ಸರ್, ಈ ಸೇತುವೆ ಕಟ್ಟುವಾಗ ನಮ್ಮಪ್ಪಾರು ಇಲ್ಲೇ ಕೆಲಸ ಮಾಡ್ಯಾರ್ರಿ!” ಎಂದಳು. ಅವಳ ಮನೆಯವರು ಗದಗ ಜಿಲ್ಲೆಯಿಂದ ಬಂದವರು. ಎಲ್ಲರೂ ತಲೆ ಎತ್ತಿ ಸೇತುವೆಯನ್ನು ಹಿಡಿದು ನಿಂತ ದಪ್ಪ ತಂತಿಗಳನ್ನು ನೋಡಿದರು. ಈ ಸೇತುವೆಯ ಮೊದಲ ಭಾಗ 2022ರ ಕೊನೆಯಲ್ಲಿ ಸಂಚಾರಕ್ಕೆ ತೆರೆಯಿತು. ಪಕ್ಕದ ಹಳೆಯ ಸೇತುವೆ 1983ರದು. ಅದಕ್ಕಿಂತ ಮೊದಲು ಬಸ್ಸಿನವರಿರಲಿ, ಲಾರಿಯವರಿರಲಿ, ಕುಠ್ಠಾಳಿಯಿಂದ ಆಚೆ ದಡದ ಆಗಶಿಗೆ ಫೆರಿ ಬೋಟಿನಲ್ಲೇ ದಾಟಬೇಕಾಗಿತ್ತು. ಬೋಟಿಗಾಗಿ ವಾಹನಗಳು ಸಾಲಾಗಿ ಕಾಯುತ್ತಿದ್ದವು. ಈಗ ಬಸ್ಸು ಆ ನದಿಯನ್ನು ಎರಡೇ ನಿಮಿಷದಲ್ಲಿ ದಾಟಿಬಿಟ್ಟಿತು.

ಪಣಜಿಯಲ್ಲಿ ಬಸ್ಸು ಬದಲಾಯಿಸಿ ನಾವು ಹಳೆ ಗೋವಾ ತಲುಪಿದೆವು. ದೊಡ್ಡ ಚರ್ಚುಗಳನ್ನು ಬಿಟ್ಟು ಕೆಳಗೆ ನದಿಯ ಕಡೆಗೆ ನಡೆದರೆ ಒಂದು ಕಲ್ಲಿನ ಕಮಾನು ಸಿಗುತ್ತದೆ. ಪೋರ್ಚುಗೀಸರ ಕಾಲದ ಈ ಕಮಾನನ್ನು ಕಟ್ಟಿಸಿದವನು ವಾಸ್ಕೋ ಡ ಗಾಮನ ಮರಿಮಗ. ಹಿಂದೆ ಹಡಗಿನಿಂದ ಇಳಿದ ಅಧಿಕಾರಿಗಳು ಈ ಕಮಾನಿನ ಕೆಳಗೆ ಹಾದು ನಗರವನ್ನು ಪ್ರವೇಶಿಸುತ್ತಿದ್ದರು. ಈಗ ಇದರ ಕೆಳಗೆ ಸ್ಕೂಟರುಗಳು, ಹಾಲಿನ ಕ್ಯಾನು ಹೊತ್ತ ಸೈಕಲ್ಲುಗಳು ಹಾದುಹೋಗುತ್ತವೆ. ಕಮಾನು ದಾಟಿದ ಕೂಡಲೇ ನದಿ. ರಸ್ತೆ ಅಲ್ಲಿ ನಿಲ್ಲುವುದಿಲ್ಲ. ಇಳಿಜಾರಾಗಿ ನೇರವಾಗಿ ನೀರಿನೊಳಕ್ಕೇ ಹೋಗುತ್ತದೆ!

“ಸರ್, ರಸ್ತೆ ನೀರಾಗ ಮುಳುಗೈತಿ!” ಎಂದು ಒಬ್ಬ ಹುಡುಗ ಕೂಗಿದ.

ಮುಳುಗಿಲ್ಲ, ಬೇಕೆಂದೇ ಹಾಗೆ ಕಟ್ಟಿದ್ದಾರೆ. ಕಾರಣ ಕೇಳಿ. ಮಾಂಡವಿಯ ನೀರು ದಿನವೆಲ್ಲ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಸಮುದ್ರದಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ ಆಗುತ್ತವೆ. ಉಬ್ಬರದ ನೀರು ನದಿಯ ಬಾಯಿಂದ ಒಳನುಗ್ಗಿ ದಿವಾಡಿಯನ್ನೂ ದಾಟಿ ದೂರದವರೆಗೆ ಹೋಗುತ್ತದೆ. ಇಳಿತದಲ್ಲಿ ಅದೇ ನೀರು ಹಿಂದೆ ಸರಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಹೊತ್ತಿಗೆ ಈ ಏರಿಳಿತ ಇನ್ನೂ ಹೆಚ್ಚು. ದಡದಲ್ಲಿ ಮೆಟ್ಟಿಲನ್ನೋ ಎತ್ತರದ ಕಟ್ಟೆಯನ್ನೋ ಕಟ್ಟಿದ್ದರೆ ಬೋಟು ಒಮ್ಮೆ ಅದಕ್ಕಿಂತ ಮೇಲೆ, ಒಮ್ಮೆ ಕೆಳಗೆ ನಿಲ್ಲುತ್ತಿತ್ತು. ಸ್ಕೂಟರು ಹತ್ತುವುದು ಹೇಗೆ? ಇಳಿಜಾರು ಇದ್ದರೆ ಆ ತೊಂದರೆ ಇಲ್ಲ. ನೀರು ಎಲ್ಲಿಯವರೆಗೆ ಇದೆಯೋ ಅಲ್ಲಿಗೆ ಬೋಟು ಬಂದು ಮುಂದಿನ ಹಲಗೆಯನ್ನು ಚಾಚುತ್ತದೆ. ಇಳಿಜಾರಿನ ಕೆಳಭಾಗದಲ್ಲಿ ಹಸಿರು ಪಾಚಿ ಕಟ್ಟಿತ್ತು. ಅದರ ಮೇಲೆ ಕಾಲಿಡಬೇಡಿ ಎಂದು ಹೇಳುವಷ್ಟರಲ್ಲಿ ನಾನೇ ಜಾರಿ ಒಂದು ಕೈ ಊರಿದೆ. ಮಕ್ಕಳು ನಗು ತಡೆದುಕೊಳ್ಳಲು ಪಾಡುಪಟ್ಟರು.

ಅಷ್ಟರಲ್ಲಿ ಆಚೆ ದಡದಿಂದ ಬೋಟು ಬಂತು. ಅಗಲವಾದ ಕಬ್ಬಿಣದ ಬೋಟು. ನಡುವೆ ವಾಹನಗಳಿಗೆ ಬಯಲು ಜಾಗ, ಬದಿಗಳಲ್ಲಿ ಜನ ಕೂರುವ ಬೆಂಚುಗಳು. ಚುಕ್ಕಾಣಿ ಹಿಡಿಯುವವರ ಕೋಣೆ ಮಾತ್ರ ಮಾಳಿಗೆಯಂತೆ ಮೇಲಿದೆ. ಅಲ್ಲಿಂದ ಅವರಿಗೆ ನದಿಯೂ ಕಾಣಬೇಕು, ಕೆಳಗೆ ನಿಂತ ಜನರೂ ಕಾಣಬೇಕು. ಬೋಟು ದಡ ಮುಟ್ಟುತ್ತಲೇ ಖಲಾಸಿ ಕಬ್ಬಿಣದ ಹಲಗೆಯನ್ನು ಇಳಿಸಿದರು. ಮೊದಲು ಅದರಲ್ಲಿದ್ದವರು ಇಳಿದರು. ಆಮೇಲೆ ಎರಡು ಕಾರು ಹತ್ತಿದವು. ಸ್ಕೂಟರುಗಳು ಎರಡೂ ಬದಿಗೆ ಸಮನಾಗಿ ನಿಂತವು. ಎಲ್ಲ ಭಾರವೂ ಒಂದೇ ಬದಿಗೆ ಬಿದ್ದರೆ ಬೋಟು ವಾಲುತ್ತದೆ. ಆದ್ದರಿಂದ ಯಾವ ವಾಹನ ಎಲ್ಲಿ ನಿಲ್ಲಬೇಕೆಂದು ಖಲಾಸಿ ಕೈಸನ್ನೆ ಮಾಡಿ ಹೇಳುತ್ತಾರೆ. ಅವರ ಮಾತಿಗೆ ಯಾರೂ ಎದುರಾಡುವುದಿಲ್ಲ.

ನಮ್ಮ ಹುಡುಗನೊಬ್ಬ ಹತ್ತು ರೂಪಾಯಿ ನೋಟು ಹಿಡಿದು ಟಿಕೆಟ್ ಕೇಳಿದ. ಖಲಾಸಿ ನಕ್ಕು ಅವನ ಕೈಯನ್ನು ಹಿಂದಕ್ಕೆ ತಳ್ಳಿದರು. ನಡೆದುಬರುವವರಿಗೆ ಈ ಬೋಟಿನಲ್ಲಿ ಟಿಕೆಟ್ ಇಲ್ಲ! ಈ ಬೋಟುಗಳನ್ನು ನಡೆಸುವುದು ಗೋವಾ ಸರಕಾರದ ನದಿ ಸಂಚಾರ ಇಲಾಖೆ. ರಸ್ತೆಯಲ್ಲಿ ನಡೆಯಲು ಯಾರೂ ಹಣ ಕೇಳುವುದಿಲ್ಲ. ದಿವಾಡಿಯವರಿಗೆ ಈ ಬೋಟೇ ರಸ್ತೆ. ಹುಡುಗ ನೋಟನ್ನು ಮಡಚಿ ಜೇಬಿನಲ್ಲಿಟ್ಟ. ಆ ಹತ್ತು ರೂಪಾಯಿ ಸಂಜೆ ಪೇರು ಹಣ್ಣಿಗೆ ಹೋಯಿತು ಎಂದು ಆಮೇಲೆ ತಿಳಿಯಿತು.

ಇಂಜಿನ್ನು ಗುಡುಗುಟ್ಟಿತು. ಬೋಟು ಹೊರಟಿತು. “ಇಷ್ಟು ಕಬ್ಬಿಣ, ಮೇಲೆ ಎರಡು ಕಾರು, ಆದರೂ ಯಾಕೆ ಮುಳುಗುವುದಿಲ್ಲ?” ಎಂದು ಕೇಳಿದೆ. ಯಾರೂ ಉತ್ತರ ಹೇಳಲಿಲ್ಲ. ಮನೆಗೆ ಹೋದ ಮೇಲೆ ಒಂದು ಪರೀಕ್ಷೆ ಮಾಡಿರಿ ಎಂದೆ. ನೀವೂ ಮಾಡಬಹುದು. ಬಕೆಟ್ಟಿನ ನೀರಿಗೆ ಒಂದು ಸ್ಟೀಲ್ ಚಮಚ ಹಾಕಿ. ಅದು ತಳ ಸೇರುತ್ತದೆ. ಅದಕ್ಕಿಂತ ಭಾರವಾದ ಸ್ಟೀಲ್ ಬಟ್ಟಲನ್ನು ಮೆಲ್ಲಗೆ ಇಡಿ. ಅದು ತೇಲುತ್ತದೆ. ಬಟ್ಟಲು ಅಗಲವಾಗಿದೆ, ಒಳಗೆ ಟೊಳ್ಳಾಗಿದೆ. ಅದು ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ತಳ್ಳಿ ನಿಲ್ಲುತ್ತದೆ. ಬಟ್ಟಲಿನಲ್ಲಿ ಒಂದೊಂದೇ ಕಲ್ಲು ಇಡುತ್ತ ಹೋದರೆ ಅದು ಸ್ವಲ್ಪ ಸ್ವಲ್ಪವೇ ಕೆಳಗಿಳಿಯುತ್ತದೆ. ಅಂಚಿನವರೆಗೆ ಇಳಿದ ಮೇಲೆ ಇನ್ನೊಂದು ಕಲ್ಲು ಇಟ್ಟರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಬೋಟಿನಲ್ಲಿ ಇಂತಿಷ್ಟೇ ಜನ, ಇಂತಿಷ್ಟೇ ವಾಹನ ಎಂದು ಲೆಕ್ಕ ಇಡುವುದು ಇದಕ್ಕೇ. ಫೆರಿಯ ತಳ ಚಪ್ಪಟೆಯಾಗಿರುವುದಕ್ಕೂ ಕಾರಣವಿದೆ. ಸಮುದ್ರದ ಹಡಗಿನ ತಳ ನೀರಿನಲ್ಲಿ ಆಳಕ್ಕೆ ಇಳಿದಿರುತ್ತದೆ. ಅಂಥದ್ದು ದಡದ ಹತ್ತಿರ ಬಂದರೆ ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಚಪ್ಪಟೆ ತಳದ ಬೋಟು ಕಡಿಮೆ ನೀರಿನಲ್ಲೂ ದಡಕ್ಕೆ ಬರಬಲ್ಲದು.

ನಮ್ಮ ಪ್ರಯಾಣ ಹತ್ತು ನಿಮಿಷವೂ ಆಗಲಿಲ್ಲ. ಮಾಂಡವಿಯ ನೀರನ್ನು ನೋಡುತ್ತ ನಾನು ಮಕ್ಕಳಿಗೆ ಒಂದು ಮಾತು ಹೇಳಿದೆ. ಈ ನದಿ ಹುಟ್ಟುವುದು ಕರ್ನಾಟಕದಲ್ಲಿ, ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಾಡಿನಲ್ಲಿ. ಅಲ್ಲಿ ಅದರ ಹೆಸರು ಮಹಾದಾಯಿ. ಘಟ್ಟ ಇಳಿದು ಗೋವಾಕ್ಕೆ ಬಂದು, ಪಣಜಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. “ನಮ್ಮಂಗ ಇದೂ ಅಲ್ಲಿಂದ ಬಂದದ್ದು” ಎಂದು ಒಬ್ಬ ಹುಡುಗ ಮೆಲ್ಲಗೆ ಹೇಳಿದ.

ದಿವಾಡಿಯಲ್ಲಿ ಇಳಿದ ಮೇಲೆ ರಸ್ತೆಯ ಎರಡೂ ಕಡೆ ಬಯಲು, ಗದ್ದೆ, ನೀರು ನಿಂತ ಹೊಂಡಗಳು. ಬೆಳ್ಳಕ್ಕಿಗಳು ಒಂಟಿಕಾಲಲ್ಲಿ ನಿಂತಿದ್ದವು. ಈ ಭೂಮಿಗೆ ಖಾಜಣ ಎನ್ನುತ್ತಾರೆ. ಇದು ಉಬ್ಬರದ ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿರುವ ಭೂಮಿ. ಉಪ್ಪುನೀರು ನುಗ್ಗದಂತೆ ಹಿಂದಿನವರು ಮಣ್ಣಿನ ಒಡ್ಡು ಕಟ್ಟಿದ್ದಾರೆ. ಒಡ್ಡಿನಲ್ಲಿ ಮರದ ಬಾಗಿಲುಗಳಿರುತ್ತವೆ. ಉಬ್ಬರ ಬಂದಾಗ ಹೊರಗಿನ ನೀರೇ ಬಾಗಿಲನ್ನು ಒತ್ತಿ ಮುಚ್ಚುತ್ತದೆ. ಇಳಿತದಲ್ಲಿ ಒಳಗಿನ ನೀರು ಅದನ್ನು ತೆರೆದು ಹೊರಗೆ ಹೋಗುತ್ತದೆ. ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ನದಿಯ ದಡದಲ್ಲೂ ಇಂಥ ಭೂಮಿ ಇದೆ. ಅಲ್ಲಿ ಅದನ್ನು ಗಜನಿ ಎನ್ನುತ್ತಾರೆ, ಉಪ್ಪು ತಾಳುವ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಗೋವಾದಲ್ಲಿ ಅಂಥ ಭತ್ತಕ್ಕೆ ಕೊರ್ಗುಟ ಎಂದು ಹೆಸರು.

ನಡೆದು ನಡೆದು ನಾವು ಪಿಯೆದಾದ್ ಗುಡ್ಡ ಹತ್ತಿದೆವು. ಮೇಲೆ ಒಂದು ಬಿಳಿ ಚರ್ಚು. ಅಲ್ಲಿಂದ ನೋಡಿದರೆ ಹಸಿರು ಬಯಲು, ಅದರಾಚೆ ನದಿ, ನದಿಯಾಚೆ ಹಳೆ ಗೋವಾದ ಗೋಪುರಗಳು. ಈ ಗುಡ್ಡದ ಸ್ಮಶಾನದಲ್ಲಿ ಒಂದು ಪುಟ್ಟ ಗುಡಿಯಂಥ ಕಟ್ಟಡವಿದೆ. ಅದರ ಚಾವಣಿಯ ಕೆತ್ತನೆ ಕದಂಬರ ಕಾಲದ್ದು ಎನ್ನುತ್ತಾರೆ.

ಯಾರು ಈ ಕದಂಬರು? ಮಕ್ಕಳು ಬೆಳಿಗ್ಗೆ ಹತ್ತಿ ಬಂದ ಬಸ್ಸಿನ ಮೇಲಿದ್ದದ್ದು ಅದೇ ಹೆಸರು! ಬನವಾಸಿಯ ಕದಂಬರ ವಿಷಯ ನೀವು ಓದಿರಬಹುದು. ಅದೇ ಹೆಸರಿನ ಇನ್ನೊಂದು ಮನೆತನ ಸುಮಾರು ಸಾವಿರ ವರ್ಷಗಳ ಹಿಂದೆ ಗೋವಾವನ್ನು ಆಳಿತು. ಅವರ ಕುಲದೇವರು ಸಪ್ತಕೋಟೇಶ್ವರ. ಆ ಅರಸರ ನಾಣ್ಯಗಳ ಮೇಲೂ ಆ ದೇವರ ಹೆಸರಿತ್ತು. ದೇವಾಲಯ ಇದ್ದದ್ದು ಇದೇ ದಿವಾಡಿಯಲ್ಲಿ. ಪೋರ್ಚುಗೀಸರ ಕಾಲದಲ್ಲಿ, 16ನೆಯ ಶತಮಾನದಲ್ಲಿ, ಅದು ನಾಶವಾಯಿತು. ಭಕ್ತರು ಶಿವಲಿಂಗವನ್ನು ನದಿ ದಾಟಿಸಿ ಆಚೆ ದಡದ ನಾರ್ವೆಗೆ ಒಯ್ದರು. 1668ರಲ್ಲಿ ಛತ್ರಪತಿ ಶಿವಾಜಿ ಮಹಾರಾಜರು ಅಲ್ಲಿ ಗುಡಿಯನ್ನು ಮತ್ತೆ ಕಟ್ಟಿಸಿದರು. ದಿವಾಡಿಯ ಇನ್ನೊಂದು ತುದಿಯಿಂದ ನಾರ್ವೆಗೂ ಫೆರಿ ಬೋಟು ಇದೆ. ಲಿಂಗ ದಾಟಿದ ನೀರನ್ನೇ ಇಂದು ನಾರ್ವೆಗೆ ಹೋಗುವ ಮಕ್ಕಳೂ ಮೀನಿನ ಬುಟ್ಟಿಯವರೂ ದಾಟುತ್ತಾರೆ.

ಮರದ ನೆರಳಿನಲ್ಲಿ ಊಟ ಮುಗಿಸಿ ಹಿಂತಿರುಗಿ ದೋಣಿಕಟ್ಟೆಗೆ ಬಂದಾಗ ಬೋಟು ಆಗಷ್ಟೇ ಹೊರಟುಹೋಗಿತ್ತು. ಕಾಯಬೇಕಾಯಿತು. ಅಲ್ಲಿ ಕಟ್ಟೆಯ ಮೇಲೆ ಒಬ್ಬ ಅಜ್ಜ ಕುಳಿತಿದ್ದರು. ಅವರು ಫೆರಿ ಬೋಟಿನಲ್ಲೇ ದುಡಿದು ನಿವೃತ್ತರಾದವರು. ಮಕ್ಕಳು ಶಾಲೆಯಲ್ಲಿ ಕಲಿತ ಕೊಂಕಣಿಯಲ್ಲಿ ಅವರನ್ನು ಮಾತಾಡಿಸಿದರು.

“ಅಜ್ಜಾ, ಬಹಳ ಕೆಲಸ ಇದ್ದದ್ದು ಯಾವಾಗ?”

“1986ರಲ್ಲಿ” ಎಂದರು ಅಜ್ಜ, ಯೋಚಿಸದೆಯೇ. “ಜುಲೈ ತಿಂಗಳು. ಮಳೆ ಸುರೀತಿತ್ತು. ಪಣಜಿಯಲ್ಲಿ ಮಾಂಡವಿಯ ಸೇತುವೆ ಕುಸಿದು ಬಿತ್ತು.”

ಅದು ನಿಜವಾಗಿ ನಡೆದ ಘಟನೆ. ಪಣಜಿಯನ್ನು ಉತ್ತರ ಗೋವಾಕ್ಕೆ ಜೋಡಿಸುತ್ತಿದ್ದ ನೆಹರು ಸೇತುವೆ 1986ರ ಜುಲೈ 5ರಂದು ಬಿತ್ತು. ಕಟ್ಟಿ ಇಪ್ಪತ್ತು ವರ್ಷವೂ ಆಗಿರಲಿಲ್ಲ. ಕಾಂಕ್ರೀಟಿನ ಒಳಗಿದ್ದ ಉಕ್ಕಿನ ತಂತಿಗಳು ತುಕ್ಕು ಹಿಡಿದಿದ್ದವು. ಸಮುದ್ರದ ಹತ್ತಿರದ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಹೊಸ ಸೇತುವೆ ಸಿದ್ಧವಾದದ್ದು 1992ರಲ್ಲಿ. ಅಲ್ಲಿಯವರೆಗೆ ಪಣಜಿಯಿಂದ ಎದುರು ದಡದ ಬೆತಿಗೆ ದಾಟುವ ಭಾರ ಮತ್ತೆ ಫೆರಿಗಳ ಮೇಲೆ ಬಿತ್ತು. “ಆಗ ನಾನು ಕೆಲಸಕ್ಕೆ ಹೊಸಬ. ಹಗಲು ಯಾವುದು ರಾತ್ರಿ ಯಾವುದು ಗೊತ್ತಾಗುತ್ತಿರಲಿಲ್ಲ” ಎಂದರು ಅಜ್ಜ.

ಅವರು ಇನ್ನೂ ಒಂದು ನೆನಪು ಹೇಳಿದರು. ಒಂದು ಕಾಲದಲ್ಲಿ ಪಣಜಿಯಿಂದ ಮುಂಬಯಿಗೆ ಪ್ರಯಾಣಿಕರ ಹಡಗುಗಳಿದ್ದವು. ಕೊಂಕಣ ಶಕ್ತಿ, ಕೊಂಕಣ ಸೇವಕ ಎಂದು ಅವುಗಳ ಹೆಸರು. ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿಯ ಪ್ರಯಾಣ. ಜನ ಹಾಸಿಗೆ ಬಿಚ್ಚಿ ಹಡಗಿನ ಅಟ್ಟದ ಮೇಲೆಯೇ ಮಲಗುತ್ತಿದ್ದರು. ಮಳೆಗಾಲದಲ್ಲಿ ಸಮುದ್ರ ಕೆರಳುವುದರಿಂದ ಆ ಹಡಗುಗಳು ನಿಲ್ಲುತ್ತಿದ್ದವು. ನದಿಯ ಫೆರಿಗೆ ಅಂಥ ರಜೆ ಇಲ್ಲ. ಮುಂಬಯಿ ಹಡಗುಗಳು ಈಗಿಲ್ಲ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ಆ ದಾರಿಯೂ ಜನರಿಗೆ ಸುಲಭವಾಯಿತು.

ಆಗ ಗದಗ ಜಿಲ್ಲೆಯ ಆ ಹುಡುಗಿ ಕೇಳಿದಳು: “ಹಂಗಾದ್ರ ದಿವಾಡಿಗೂ ಒಂದು ಸೇತುವೆ ಕಟ್ಟಬಾರದೇನ್ರಿ? ನಮ್ಮಪ್ಪಾರಿಗೂ ಕೆಲಸ ಸಿಗತೈತಿ.”

ಕಾಯುತ್ತಿದ್ದವರೆಲ್ಲ ನಕ್ಕರು. ಆದರೆ ಇದು ನಗುವ ಮಾತಲ್ಲ. ದಿವಾಡಿಯಲ್ಲಿ ಸೇತುವೆ ಬೇಕು ಎನ್ನುವವರೂ ಇದ್ದಾರೆ, ಬೇಡ ಎನ್ನುವವರೂ ಇದ್ದಾರೆ. ಬೇಕು ಎನ್ನುವವರು ಕಾಲೇಜಿಗೆ, ಕೆಲಸಕ್ಕೆ, ಆಸ್ಪತ್ರೆಗೆ ಹೋಗುವ ಅವಸರವನ್ನು ನೆನೆಯುತ್ತಾರೆ. ಬೇಡ ಎನ್ನುವವರು, ಸೇತುವೆಯ ಹಿಂದೆಯೇ ವಾಹನಗಳೂ ದೊಡ್ಡ ಕಟ್ಟಡಗಳೂ ಬಂದು ಈ ಗದ್ದೆಗಳು ಉಳಿಯುವುದಿಲ್ಲ ಎನ್ನುತ್ತಾರೆ. ಅಲ್ಡೋಣದ ಬಳಿಯ ಖೋರ್ಜುವೆ ನಡುಗಡ್ಡೆಗೆ 2004ರಲ್ಲಿ ಸೇತುವೆ ಆಯಿತು. ಪಕ್ಷಿಧಾಮವಿರುವ ಚೋಡಣ ನಡುಗಡ್ಡೆಗೆ ರಾಯಬಂದರದಿಂದ 2025ರ ಜುಲೈಯಲ್ಲಿ ರೋ-ರೋ ಎಂಬ ಹೊಸ ಬಗೆಯ ಫೆರಿಗಳು ಬಂದವು. ಅವು ಹೆಚ್ಚು ವಾಹನಗಳನ್ನು ಒಮ್ಮೆಗೇ ಹೊರುತ್ತವೆ.

ಅದೇ 2025ರ ಜುಲೈಯಲ್ಲಿ ಕರ್ನಾಟಕದಲ್ಲಿ ಇನ್ನೊಂದು ದೋಣಿಯ ಕಥೆ ಬದಲಾಯಿತು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನಲ್ಲಿ ಸಿಗಂದೂರು ಇದೆಯಲ್ಲ? 1960ರ ದಶಕದಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಹಿನ್ನೀರು ಹರಡಿ ಆ ಭಾಗದ ಹಳ್ಳಿಗಳ ದಾರಿ ಮುಳುಗಿತು. ನಾಡಿಗೆ ಬೆಳಕು ಬಂತು. ಹಿನ್ನೀರಿನ ಆಚೆಯವರಿಗೆ ಮಾತ್ರ ದಶಕಗಳ ಕಾಲ ಲಾಂಚೇ ಗತಿಯಾಯಿತು. ಬೇಸಿಗೆಯಲ್ಲಿ ನೀರು ಬಹಳ ಇಳಿದರೆ ಲಾಂಚಿಗೂ ಕಷ್ಟ. ಕೊನೆಗೆ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ ತೆರೆಯಿತು. ಒಂದೇ ತಿಂಗಳಲ್ಲಿ ಅಲ್ಲಿ ಸೇತುವೆ, ಇಲ್ಲಿ ಹೊಸ ಫೆರಿ! ನನಗೆ ಕೇಳಿದರೆ, ದಿವಾಡಿಗೆ ಯಾವುದು ಬೇಕೆಂದು ದಿವಾಡಿಯವರೇ ಹೇಳಬೇಕು. ದಿನವೂ ಆ ಕಟ್ಟೆಯ ಮೇಲೆ ಕಾಯುವವರು ಅವರು.

ಬೋಟು ಬಂತು. ಎಲ್ಲರೂ ಹತ್ತಿದೆವು. ಅಜ್ಜನೂ ಹತ್ತಿದರು. ಖಲಾಸಿ ಹಲಗೆ ಎತ್ತಿ, ಬೋಟು ದಡ ಬಿಟ್ಟು ಹತ್ತು ಮಾರು ಹೋಗಿರಬಹುದು. ಹಿಂದಿನಿಂದ ಸ್ಕೂಟರಿನ ಹಾರ್ನು ಒಂದೇ ಸಮನೆ ಕೇಳಿಸಿತು. ಸ್ಕೂಟರಿನ ಹಿಂದೆ ಕುಳಿತ ತಾಯಿಯ ತೊಡೆಯ ಮೇಲೆ ಶಾಲಿನಲ್ಲಿ ಸುತ್ತಿದ ಮಗು ಇತ್ತು. ಸಾಮಾನ್ಯವಾಗಿ ಹೊರಟ ಬೋಟು ತಿರುಗುವುದಿಲ್ಲ. ತಡವಾಗಿ ಬಂದವರು ಮುಂದಿನ ಬೋಟಿಗೆ ಕಾಯಬೇಕು. ಆದರೆ ಮೇಲಿನ ಕೋಣೆಯಿಂದ ಚುಕ್ಕಾಣಿಯವರು ಕೆಳಗೆ ಬಾಗಿ ಒಮ್ಮೆ ನೋಡಿದರು. ಬೋಟು ಮತ್ತೆ ದಡಕ್ಕೆ ಬಂತು. ಯಾರೂ ಗೊಣಗಲಿಲ್ಲ. ಬೆಂಚಿನಲ್ಲಿದ್ದವರು ಎದ್ದು ತಾಯಿಗೆ ಜಾಗ ಕೊಟ್ಟರು. ಮಗುವಿಗೆ ಜ್ವರ. ಎರಡು ದಿನವಾದರೂ ಇಳಿದಿರಲಿಲ್ಲವಂತೆ. ಅವರು ದೊಡ್ಡಾಸ್ಪತ್ರೆಗೆ ಹೊರಟಿದ್ದರು. ಒಬ್ಬ ಹೆಂಗಸು ಮಗುವಿನ ಹಣೆ ಮುಟ್ಟಿ ನೋಡಿ, ತನ್ನ ಚೀಲದಿಂದ ನೀರಿನ ಬಾಟಲಿ ತೆಗೆದುಕೊಟ್ಟರು.

ಆ ದಡ ಮುಟ್ಟಿದಾಗ ಮೊದಲು ಇಳಿದದ್ದು ಆ ಸ್ಕೂಟರು. ಕಾರಿನವರೂ ಬದಿಗೆ ಸರಿದು ದಾರಿ ಬಿಟ್ಟರು.

ಹುಡುಗಿ ಅಜ್ಜನನ್ನು ಕೇಳಿದಳು: “ಅಜ್ಜಾ, ನಡುರಾತ್ರಿ ಬಂದಿದ್ದರೆ?”

“ಬಂದು ಕೂಗುತ್ತಾರೆ. ಬೋಟಿನವರು ಏಳುತ್ತಾರೆ. ನಾನೂ ಎಷ್ಟೋ ಸಲ ಎದ್ದಿದ್ದೇನೆ.”

“ಮಳೆಗಾಲದಾಗ, ಜೋರು ಗಾಳಿ ಇದ್ದಾಗ?”

“ಗಾಳಿ ಇಳಿಯುವವರೆಗೆ ಕಾಯಬೇಕು, ಮಗಳೇ” ಎಂದು ಹೇಳಿ ಅಜ್ಜ ಕಮಾನಿನ ಕಡೆಗೆ ನಡೆದರು.

ಪದಗಳ ಅರ್ಥ

ನಡುಗಡ್ಡೆ – ಸುತ್ತಲೂ ನೀರಿರುವ ಭೂಭಾಗ
ಉಬ್ಬರ – ಸಮುದ್ರದ ನೀರು ಏರುವುದು
ಇಳಿತ – ಏರಿದ ನೀರು ಇಳಿಯುವುದು
ಚುಕ್ಕಾಣಿ – ದೋಣಿಯನ್ನು ಬೇಕಾದ ಕಡೆಗೆ ತಿರುಗಿಸುವ ಸಾಧನ
ಖಲಾಸಿ – ದೋಣಿ, ಹಡಗುಗಳಲ್ಲಿ ದುಡಿಯುವವನು
ಒಡ್ಡು – ನೀರನ್ನು ತಡೆಯಲು ಕಟ್ಟಿದ ಮಣ್ಣಿನ ಏರಿ
ಮಾರು – ಚಾಚಿದ ಎರಡು ಕೈಗಳ ಉದ್ದ

ಅಭ್ಯಾಸ

ಅ) ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ.
1. ದೋಣಿಕಟ್ಟೆಯನ್ನು ಇಳಿಜಾರಾಗಿ ಏಕೆ ಕಟ್ಟಿದ್ದಾರೆ?
2. ಸಪ್ತಕೋಟೇಶ್ವರ ಲಿಂಗ ನಾರ್ವೆಗೆ ಹೇಗೆ ಬಂತು?
3. 1986ರಲ್ಲಿ ಫೆರಿ ಬೋಟಿನವರಿಗೆ ಕೆಲಸ ಹೆಚ್ಚಾದದ್ದು ಏಕೆ?
4. ಹೊರಟಿದ್ದ ಬೋಟು ಮತ್ತೆ ದಡಕ್ಕೆ ಬಂದದ್ದು ಏಕೆ?

ಆ) ಈ ಮಾತುಗಳನ್ನು ಯಾರು, ಯಾವಾಗ ಹೇಳಿದರು?
1. “ನಮ್ಮಂಗ ಇದೂ ಅಲ್ಲಿಂದ ಬಂದದ್ದು.”
2. “ನಾನೂ ಎಷ್ಟೋ ಸಲ ಎದ್ದಿದ್ದೇನೆ.”

ಇ) ತರಗತಿಯಲ್ಲಿ ಎರಡು ಗುಂಪು ಮಾಡಿಕೊಳ್ಳಿರಿ. ‘ದಿವಾಡಿಗೆ ಸೇತುವೆ ಬೇಕು’ ಎಂದು ಒಂದು ಗುಂಪು, ‘ಬೇಡ’ ಎಂದು ಇನ್ನೊಂದು ಗುಂಪು ಮಾತಾಡಲಿ. ಆಮೇಲೆ ಗುಂಪುಗಳು ಪಕ್ಷ ಬದಲಾಯಿಸಿ ಮತ್ತೆ ಮಾತಾಡಲಿ.

ಈ) ನಿಮ್ಮ ಮನೆಯ ಹಿರಿಯರು ಎಂದಾದರೂ ದೋಣಿಯಲ್ಲೋ ಲಾಂಚಿನಲ್ಲೋ ನದಿ ದಾಟಿದ್ದಾರೆಯೇ? ಕೇಳಿ ತಿಳಿದು ಹತ್ತು ಸಾಲು ಬರೆಯಿರಿ.